ಚಚ್ಚೌಕದ ಶುಭಫಲ

ನಮ್ಮನೆಯ ಹಾಡು ಕೇಳುವ ಕೋಣೆ ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರ. ಕಟ್ಟಿಸುವಾಗ ವಾಸ್ತುವಿನವರು ‘ಚಚ್ಚೌಕ ಬಹಳ ಶುಭ, ಕಣ್ಣುಮುಚ್ಚಿ ಕಟ್ಟಿಸಿ’ ಎಂದಿದ್ದರು. ಧ್ವನಿಶಾಸ್ತ್ರದವರನ್ನು ಕರೆಸಿ ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ.

ಹೊಸ ಸ್ಪೀಕರ್ ಜೋಡಿ ಬಂದ ಸಂಜೆ ಒಂದು ಕಛೇರಿಯ ರೆಕಾರ್ಡಿಂಗ್ ಹಾಕಿದೆ. ಮೃದಂಗದ ಬಲಮುಖದ ನಡುವೆ ಬಳಿದ ಕಪ್ಪು ಲೇಪ, ಅಂದರೆ ಕರಣೆ, ಅದರ ನಾದವನ್ನು ಹೇಗೆ ಶ್ರುತಿಗೆ ತರುತ್ತದೆ ಅಂತ ಸಿ.ವಿ. ರಾಮನ್ ಬೆಂಗಳೂರಿನಲ್ಲಿದ್ದಾಗಲೇ, 1934ರಲ್ಲಿ, ಪ್ರಬಂಧ ಬರೆದಿದ್ದಾರೆ. ನಮ್ಮ ಕೋಣೆ ಅದನ್ನು ಓದಿಲ್ಲ. ಎಡಮುಖಕ್ಕೊಂದು ಪೆಟ್ಟು ಬಿದ್ದರೆ ‘ಗುಂಯ್’ ಎಂದು ಎದ್ದ ಸದ್ದು ಮುಂದಿನ ಪೆಟ್ಟು ಬರುವವರೆಗೂ ಜಾಗ ಖಾಲಿ ಮಾಡುತ್ತಿರಲಿಲ್ಲ. ಶೋಕೇಸಿನ ಗಾಜು ಝರ್ ಎನ್ನುತ್ತಿತ್ತು. ಅಟ್ಟದ ಮೇಲಿನ ಸ್ಟೀಲ್ ಕೊಳಗದ ಮುಚ್ಚಳವಂತೂ ತನಿ ಆವರ್ತನಕ್ಕೇ ಕೂತುಬಿಟ್ಟಿತು.

ಲೆಕ್ಕ ಸರಳ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹತ್ತಡಿ ದೂರದ ಎರಡು ಗೋಡೆಗಳ ನಡುವೆ ಅದು ಸೆಕೆಂಡಿಗೆ ಸುಮಾರು 56 ಸಲ ಹೋಗಿ ಬಂದು ಮಾಡುತ್ತದೆ. ಹಾಗಾಗಿ ಸೆಕೆಂಡಿಗೆ ಅಷ್ಟೇ ಸಲ ಕಂಪಿಸುವ 56 ಹರ್ಟ್ಸ್‌ನ ಸ್ವರ ಉಬ್ಬುತ್ತದೆ, ಅದರ ದುಪ್ಪಟ್ಟು 112 ಕೂಡ. ಉದ್ದ, ಅಗಲ, ಎತ್ತರ ಬೇರೆ ಬೇರೆ ಇದ್ದರೆ ಈ ಉಬ್ಬು ಅಲ್ಲಲ್ಲಿ ಹಂಚಿಹೋಗುತ್ತದೆ. ನಮ್ಮಲ್ಲಿ ಮೂರೂ ಒಂದೇ ಆಗಿದ್ದರಿಂದ ಮೂರು ದಿಕ್ಕಿನ ಗುಂಯ್‌ಗಳೂ ಒಂದೇ ಸ್ವರದ ಮೇಲೆ ಬಂದು ಕೂತಿದ್ದವು. ಶುಭವೇ ಶುಭ.

ಅಂಗಡಿಯವನು ಒಂದಿಂಚಿನ ಫೋಮ್ ಅಂಟಿಸಿಕೊಟ್ಟ. ಪಕ್ಕದ ಮನೆ ಹುಡುಗ ಮೊಟ್ಟೆ ಟ್ರೇ ಶಿಫಾರಸು ಮಾಡಿದ. ಮಡಿ ಅತ್ತೆಯ ದೆಸೆಯಿಂದ ಅದು ಒಳಗೇ ಬರಲಿಲ್ಲ. ಬಂದಿದ್ದರೂ ಅಷ್ಟೇ. 56 ಹರ್ಟ್ಸ್‌ನ ಒಂದು ಅಲೆಯ ಉದ್ದ ಇಪ್ಪತ್ತಡಿ, ಒಂದಿಂಚು ಅದಕ್ಕೆ ಯಾವ ಲೆಕ್ಕ? ಫೋಮ್ ಹೀರಿದ್ದು ತಾಳದ ಕಿಣಿಕಿಣಿಯನ್ನು, ವೀಣೆಯ ಮೀಟನ್ನು. ಕೇಳಬೇಕಾದದ್ದು ಹೋಯಿತು, ಗುಂಯ್ ಉಳಿಯಿತು.

ಆಮೇಲೆ ಮೊಬೈಲಿನಿಂದ ಬರೀ 56 ಹರ್ಟ್ಸ್ ಸ್ವರವನ್ನು ಸ್ಪೀಕರಿಗೆ ಕೊಟ್ಟು, ಎಲ್ಲಿ ಎಷ್ಟು ಕೇಳುತ್ತದೆ ಎಂದು ಕೋಣೆಯೊಳಗೆ ಅಂಬೆಗಾಲಿಕ್ಕತೊಡಗಿದೆ. ಮೂಲೆಗೆ ಹೋದರೆ ಎದೆಗೂಡು ನಡುಗುತ್ತದೆ. ನಟ್ಟನಡುವೆ ಎದ್ದು ಕೂತರೆ ಸ್ಪೀಕರ್ ಆರಿಸಿದರೇನೋ ಎನ್ನುವಷ್ಟು ಮೌನ. ಅತ್ತೆ ಬಾಗಿಲಲ್ಲಿ ನಿಂತು, ‘ಏನು ಬಿದ್ದೋಯ್ತು? ನಾನೂ ಹುಡುಕ್ಲಾ?’ ಅಂದರು. ‘ಬೇಸ್ ಹುಡುಕ್ತಿದೀನಿ’ ಅಂದೆ. ಅವರು ಸೀದಾ ಅಡುಗೆಮನೆಗೆ ಹೋಗಿ ಮಗಳ ಕಿವಿಯಲ್ಲಿ ಏನೋ ಹೇಳಿದರು.

ಈ ಅಂಬೆಗಾಲಿನಿಂದ ಹಳೆಯ ಜಗಳವೊಂದು ತೀರಿತು. ಮೂಲೆಯ ಬೆತ್ತದ ಕುರ್ಚಿಯಲ್ಲಿ ಕೂರುವ ಭಾವ ‘ಏನ್ ಬೇಸ್ ರೀ, ದುಡ್ಡು ವಸೂಲಾಯ್ತು!’ ಎನ್ನುತ್ತಿದ್ದರು. ನಡುವೆ ಚಾಪೆ ಹಾಕಿ ಬಟಾಣಿ ಬಿಡಿಸುವ ಹೆಂಡತಿ ‘ದುಂಡಗಿನ ಸದ್ದೇ ಇಲ್ಲ, ಮೋಸ ಹೋದಿರಿ’ ಎನ್ನುತ್ತಿದ್ದಳು. ಇಬ್ಬರದೂ ನಿಜ.

ಸ್ಪೀಕರುಗಳನ್ನು ಗೋಡೆಯಿಂದ ಮುಂದೆ ತಂದೆ. ನನ್ನ ಕುರ್ಚಿಯನ್ನು ಹಿಂಗೋಡೆಯಿಂದ ನಾಲ್ಕಡಿಗೆ ಸ್ವಲ್ಪ ಕಮ್ಮಿ ದೂರದಲ್ಲಿಟ್ಟೆ. ಅಲ್ಲಿ ಗುಂಯ್ ತೀರಾ ಉಬ್ಬುವುದೂ ಇಲ್ಲ, ತೀರಾ ಮಾಯವಾಗುವುದೂ ಇಲ್ಲ. ಸ್ಪೀಕರಿನ ಬೆನ್ನಿಗಿರುವ ಗಾಳಿತೂತಿಗೆ ಸಾಕ್ಸ್ ಸುತ್ತಿ ತುರುಕಿದೆ. ಆಫೀಸಿಗೆ ಹೊರಡುವಾಗ ಅದನ್ನು ಎಳೆದು ಹಾಕಿಕೊಂಡು ಹೋಗುವುದು ಅಭ್ಯಾಸವಾಗಿದೆ.

ನಿಜವಾದ ಉಪಕಾರ ಮಾಡಿದ್ದು ಅಟ್ಟದಲ್ಲಿದ್ದ ಹಳೇ ಹತ್ತಿ ಹಾಸಿಗೆಗಳು. ಸುರುಳಿ ಸುತ್ತಿ ಮೂಲೆಮೂಲೆಗೂ ಒಂದರ ಮೇಲೊಂದು ಪೇರಿಸಿದೆ. ಪೂರ್ತಿ ಹೋಗಲಿಲ್ಲ, ಆದರೆ ಎಡಮುಖದ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಸಂದು ಕಾಣಿಸಿತು. ನೋಟಕ್ಕೆ ಮಾತ್ರ ಕೋಣೆ ಮದುವೆ ಛತ್ರದ ಉಗ್ರಾಣ.

ದೀಪಾವಳಿಗೆ ನೆಂಟರು ಬಂದರು. ಹಾಸಿಗೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಹಾಸಿಕೊಳ್ಳುವುದೇನೋ ಸರಿ, ಆದಷ್ಟು ಮೂಲೆಗೆ ಒತ್ತಿ ಮಲಗಿ ಎಂದು ಭಾವನನ್ನು ಕೇಳಿಕೊಂಡೆ. ‘ಮೂಲೆಗೆ ಫ್ಯಾನ್ ಗಾಳಿ ಬರಲ್ವಲ್ಲ’ ಎಂದು ಅವರು ಹಾಸಿಗೆಯನ್ನು ನಟ್ಟನಡುವೆ ಎಳೆದುಕೊಂಡು, ಅಲ್ಲಿ ಮಲಗಿ, ‘ಏನ್ರೀ, ಬೇಸೇ ಹೋಗ್ಬಿಟ್ಟಿದೆ, ರಿಪೇರಿ ಮಾಡಿಸ್ಬಾರ್ದಾ?’ ಅಂದರು.