ಸತ್ಯಾಂಶ: ರೂಮಲ್ಲಿ ಕೂಡಿ ಹಾಕಿದ್ರೆ ಕುಡಿತ ಬಿಟ್ಟೋಗುತ್ತಾ?

"ಕುಡಿಯೋರನ್ನ ಮೂರು ದಿನ ರೂಮಲ್ಲಿ ಕೂಡಿ ಹಾಕಿ, ಒಂದು ಹನಿನೂ ಕೊಡ್ಬೇಡಿ, ಚಟ ತಾನಾಗೇ ಬಿಟ್ಟೋಗುತ್ತೆ" ಅನ್ನೋ ಮೆಸೇಜ್ ಓಡಾಡ್ತಾ ಇದೆ. ಇದು ತಪ್ಪು ಮಾತ್ರ ಅಲ್ಲ, ಅಪಾಯ ಕೂಡ. ದಯವಿಟ್ಟು ಮುಂದೆ ಕಳಿಸ್ಬೇಡಿ.

ವರ್ಷಗಟ್ಲೆ ದಿನಾ ಜಾಸ್ತಿ ಕುಡಿಯೋರ ಮೆದುಳು ಆಲ್ಕೋಹಾಲ್‌ಗೆ ಒಗ್ಗಿ ಹೋಗಿರುತ್ತೆ, ಅದು ತರೋ ಮಂಪರನ್ನ ಸರಿದೂಗಿಸೋಕೆ ಮೆದುಳು ತನ್ನ ಚಟುವಟಿಕೆನ ಏರಿಸ್ಕೊಂಡಿರುತ್ತೆ, ಈಗ ಕುಡಿತ ಒಂದೇ ಸಲ ನಿಂತ್ರೆ ಆ ಏರಿಕೆ ಮಾತ್ರ ಹಂಗೇ ಉಳ್ಕೊಳ್ಳುತ್ತೆ. ಸಾಮಾನ್ಯವಾಗಿ 6ರಿಂದ 24 ಗಂಟೆಲಿ ಕೈನಡುಕ, ಬೆವರು, ವಾಂತಿ ಶುರು. ಕೆಲವ್ರಿಗೆ 48 ಗಂಟೆ ಒಳಗೆ ಫಿಟ್ಸ್. 2ರಿಂದ 4ನೇ ದಿನದಲ್ಲಿ ಕೆಲವ್ರಿಗೆ ಡೆಲಿರಿಯಂ ಟ್ರೆಮೆನ್ಸ್ ಅಂತ ಬರುತ್ತೆ, ಇಲ್ಲದ್ದೆಲ್ಲ ಕಾಣುತ್ತೆ, ಜ್ವರ ಬರುತ್ತೆ, ಎದೆಬಡಿತ ಏರುತ್ತೆ, ಚಿಕಿತ್ಸೆ ಸಿಗ್ದಿದ್ರೆ ಪ್ರಾಣನೇ ಹೋಗ್ಬಹುದು. ಅಂದ್ರೆ ಡಾಕ್ಟರ್ ಪಕ್ಕದಲ್ಲಿ ಇರ್ಬೇಕಾದ ದಿನಗಳಲ್ಲೇ ಬಾಗ್ಲು ಹಾಕಿ ಅಂತ ಹೇಳ್ತಿದೆ ಈ ಮೆಸೇಜ್, ಓದಿದ್ರೆ ಸಂಕಟ ಆಗುತ್ತೆ.

ಆಸ್ಪತ್ರೆಲಿ ಡಯಾಜೆಪಾಮ್ ತರದ, ಮೆದುಳನ್ನ ಶಾಂತ ಮಾಡೋ ಔಷಧಿ ಕೊಟ್ಟು, ಅದರ ಡೋಸ್‌ನ ಹಂತ ಹಂತವಾಗಿ ಇಳಿಸ್ತಾರೆ, ಜೊತೆಗೆ ಥಯಾಮಿನ್ ಅಂದ್ರೆ ವಿಟಮಿನ್ ಬಿ1, ಅದು ಕಮ್ಮಿಯಾದ್ರೆ ನೆನಪಿನ ಶಕ್ತಿಗೇ ಪೆಟ್ಟು.

ಅಷ್ಟಕ್ಕೇ ಚಟ ಮುಗೀತು ಅಂತಲ್ಲ. ಆಸೆ ತಗ್ಗಿಸೋಕೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅನ್ನೋ ಔಷಧಿ ಇದೆ, ಕೌನ್ಸೆಲಿಂಗ್ ಇದೆ, 1935ರಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ತರದ, ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗೋ ಗುಂಪುಗಳಿವೆ. ನಡುವೆ ಮತ್ತೆ ಕುಡಿದ್ರೆ ಬೈಬೇಡಿ, ಇದು ಮರುಕಳಿಸೋ ಕಾಯಿಲೆ, ಡಾಕ್ಟರ್ ಹತ್ರ ವಾಪಸ್ ಕರ್ಕೊಂಡು ಹೋಗಿ. ಆದ್ರೆ ಕುಡಿತ ಬಿಟ್ಟ ಮೇಲೆ ಫಿಟ್ಸ್, ಗೊಂದಲ ಕಂಡ್ರೆ ಕಾಯ್ಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.