ಹನ್ನೆರಡರಿಂದ ಎರಡರವರೆಗೆ

ಮನೆ ಕೊಂಡ ಮೊದಲ ಶನಿವಾರ, ಜೋತುಬಿದ್ದ ಕಿಟಕಿಯೊಂದಕ್ಕೆ ತಿರುಗಣಿ ತರಲೆಂದು ಪೇಟೆಯ ಕಬ್ಬಿಣದಂಗಡಿಯ ಮುಂದೆ ನಾನು ಕಾರು ನಿಲ್ಲಿಸಿದಾಗ ಗಂಟೆ ಹನ್ನೆರಡು ದಾಟಿ ನಾಲ್ಕು ನಿಮಿಷವಾಗಿತ್ತು. ಗಾಜಿನ ಬಾಗಿಲಿನಾಚೆ ಅಂಗಡಿಯಾತ ಒಂದೊಂದಾಗಿ ದೀಪ ಆರಿಸುತ್ತಿದ್ದ. ನನ್ನನ್ನು ಕಂಡ, ಮುಗುಳ್ನಕ್ಕ, ‘ಬೊನಪೆತಿ’ ಎಂದು ತುಟಿಯಾಡಿಸಿದ, ಪರದೆ ಎಳೆದ. ನಿಮ್ಮ ಊಟ ಚೆನ್ನಾಗಿ ಆಗಲಿ ಎಂಬ ಆ ಹಾರೈಕೆಗೆ, ಎರಡು ಗಂಟೆಯವರೆಗೆ ಈ ಕಡೆ ತಲೆಹಾಕಬೇಡಿ ಎಂಬ ಇನ್ನೊಂದು ಅರ್ಥವೂ ಇದೆಯೆಂದು ನನಗಿನ್ನೂ ತಿಳಿದಿರಲಿಲ್ಲ.

ನಮ್ಮ ನೌಕರಿ ದಕ್ಷಿಣ ಫ್ರಾನ್ಸಿನ ತುಲೂಸ್ ನಗರದಲ್ಲಿ. ಮನೆ ಅಲ್ಲಿಂದ ನೂರು ಕಿಲೋಮೀಟರಿಗೂ ಮಿಕ್ಕಿ ಉತ್ತರಕ್ಕೆ, ಲೊತ್ ಜಿಲ್ಲೆಯ ಸುಣ್ಣಕಲ್ಲಿನ ದಿಣ್ಣೆಗಳ ನಡುವೆ, ಕಾಓರ್ ಪಟ್ಟಣ ದಾಟಿ ಹೋಗಬೇಕಾದ ಒಂದು ಸಣ್ಣ ಹಳ್ಳಿಯಲ್ಲಿ. ಅಲ್ಲಿನ ಚರ್ಚಿನ ಗಂಟೆ ಪ್ರತಿ ಹೊತ್ತನ್ನೂ ಎರಡು ಸಲ ಬಾರಿಸುತ್ತದೆ. ಮೊದಲ ಸಲ ಹೊಲದಲ್ಲಿದ್ದವನ ಎಣಿಕೆ ತಪ್ಪಿದ್ದರೆ ಕೆಲವು ನಿಮಿಷಗಳ ನಂತರ ಮತ್ತೆ ಎಣಿಸಿಕೊಳ್ಳಲಿ ಎಂದು. ಮಧ್ಯಾಹ್ನದ ಹನ್ನೆರಡಕ್ಕೆ ಮಾತ್ರ ಈ ಸೌಲಭ್ಯ ವ್ಯರ್ಥ. ಮೊದಲ ಸುತ್ತಿಗೇ ಎಲ್ಲರೂ ಕೈ ತೊಳೆದಿರುತ್ತಾರೆ.

ನಮ್ಮ ಗಾರೆ ಮೇಸ್ತ್ರಿ ಅರವತ್ತರ ಆಸುಪಾಸಿನವರು, ಮಿತಭಾಷಿ. ಮೊದಲ ದಿನ ಗಂಟೆ ಬಾರಿಸಿದೊಡನೆ ಅವರು ಕರಣೆಯನ್ನು ಬಕೆಟ್ಟಿನ ನೀರಿಗೆ ಹಾಕಿ ‘ಮಿದಿ!’ ಎಂದರು. ನಮ್ಮಲ್ಲಿ ಮಿದಿ ಎಂದರೆ ನಾದು, ತುಳಿದು ಹದಮಾಡು ಎಂದು ಅರ್ಥವಲ್ಲವೇ? ನಾನು ವಿಧೇಯ ಆಳಿನಂತೆ ಗುದ್ದಲಿ ಹಿಡಿದು ಸುಣ್ಣ ಮರಳಿನ ರಾಶಿಗೆ ಇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿ, ಗುದ್ದಲಿ ಕಸಿದುಕೊಂಡು, ಅದನ್ನೂ ಗೋಡೆಗೆ ಒರಗಿಸಿದರು. ಫ್ರೆಂಚರಿಗೆ ಮಿದಿ ಎಂದರೆ ನಡುಹಗಲು. ಆ ಹೊತ್ತಿನಲ್ಲಿ ಸೂರ್ಯ ನಿಲ್ಲುವ ದಿಕ್ಕಾದ ತೆಂಕಣಕ್ಕೂ, ತಮ್ಮ ದೇಶದ ಇಡೀ ದಕ್ಷಿಣ ಸೀಮೆಗೂ ಅವರು ಅದೇ ಹೆಸರನ್ನು ಇಟ್ಟುಕೊಂಡಿದ್ದಾರೆ. ದೇಶದ ಒಂದು ಭಾಗಕ್ಕೇ ಊಟದ ಹೊತ್ತಿನ ಹೆಸರಿರುವಾಗ, ತಿರುಗಣಿ ಕೇಳಲು ಹೋದ ನನ್ನದೇ ತಪ್ಪು.

ಮೊದಮೊದಲು ನನಗೆ ಇದು ಶುದ್ಧ ಸೋಮಾರಿತನವೆಂದೇ ತೋರಿತ್ತು. ಆದರೆ ಬೆಳಿಗ್ಗೆ ಏಳೂವರೆಗೆ ಬಂದು, ಎರಡಾಗುತ್ತಲೇ ಮತ್ತೆ ಏಣಿ ಹತ್ತುವ ಮನುಷ್ಯನನ್ನು ಸೋಮಾರಿ ಎನ್ನುವುದು ಹೇಗೆ? ವಿಚಾರಿಸಿದಾಗ ಇದರ ಹಿಂದೆ ಕಾನೂನಿನ ಬೆನ್ನೆಲುಬೂ ಇದೆಯೆಂದು ತಿಳಿಯಿತು. ಕಾರ್ಮಿಕರು ಕೆಲಸದ ಜಾಗದಲ್ಲೇ ಉಣ್ಣಕೂಡದೆಂದು 1894ರಷ್ಟು ಹಿಂದೆಯೇ ಇಲ್ಲಿ ಆಜ್ಞೆ ಹೊರಟಿತ್ತು. ಆಗಿನ ಕಾರಣ ರುಚಿಯಲ್ಲ, ಕಾರ್ಖಾನೆಗಳ ದೂಳು ಮತ್ತು ವಿಷಗಾಳಿ. ಆ ನಿಯಮ ಇಂದಿಗೂ ಕಾರ್ಮಿಕ ಸಂಹಿತೆಯಲ್ಲಿ ಉಳಿದಿದೆ. 2021ರಲ್ಲಿ ಕೋವಿಡ್ಡಿನ ದೆಸೆಯಿಂದ, ಉಪಾಹಾರಗೃಹಗಳೆಲ್ಲ ಮುಚ್ಚಿದ್ದಾಗ, ಕಚೇರಿಯ ಮೇಜಿನ ಮೇಲೆ ಊಟಮಾಡಲು ಅನುಮತಿ ಕೊಡುವುದಕ್ಕೆ ಸರ್ಕಾರ ಅದನ್ನು ತಾತ್ಕಾಲಿಕವಾಗಿ ಸಡಿಲಿಸಬೇಕಾಯಿತು. 2010ರಲ್ಲಂತೂ ಫ್ರೆಂಚರ ಔತಣದ ಊಟವನ್ನು ಯುನೆಸ್ಕೊ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೇ ಸೇರಿಸಿತು. ಪರಂಪರೆಯ ಬಾಗಿಲು ತಟ್ಟಿ ಮೊಳೆ ಕೇಳಲು ಯಾರಿಗೆ ಧೈರ್ಯ ಬಂದೀತು?

ಒಂದು ದಿನ ಮೇಸ್ತ್ರಿ ನನ್ನನ್ನೂ ಕರೆದೊಯ್ದರು. ರಸ್ತೆಬದಿಯ ಊಟದ ಮನೆಯ ಮುಂದೆ ಕೊಳಾಯಿಯವರ, ಬಡಗಿಗಳ, ಛಾವಣಿಯವರ ಬಿಳಿಯ ವ್ಯಾನುಗಳು ಸಾಲಾಗಿ ನಿಂತಿದ್ದವು. ತಿಂಗಳುಗಟ್ಟಲೆ ನನ್ನ ಫೋನಿಗೆ ಸಿಗದಿದ್ದ ವಿದ್ಯುತ್ ಕೆಲಸದವರು ನನ್ನ ಎದುರಿನಲ್ಲೇ ಸೂಪು ಹೀರುತ್ತ ಕುಳಿತಿದ್ದರು. ಸೂಪಿನ ಕೊನೆಯ ಗುಟುಕು ಉಳಿದಿರುವಾಗ ಅದೇ ಬಟ್ಟಲಿಗೆ ಕೆಂಪು ವೈನು ಸುರಿದು, ಎರಡೂ ಕೈಗಳಿಂದ ಎತ್ತಿ ಗಟಗಟ ಕುಡಿಯುವ ‘ಶಬ್ರೋಲ್’ ಎಂಬ ಈ ಸೀಮೆಯ ಪದ್ಧತಿಯನ್ನು ಅಂದು ನೋಡಿದೆ. ಎಲೆಯ ಮೇಲೆ ಉಳಿದ ಸಾರನ್ನು ಅಂಗೈಯಲ್ಲಿ ಬಳಿದು ಸುರಿಯುವವರ ಕುಲದಿಂದ ಬಂದ ನನಗೆ ಅದರಲ್ಲಿ ಅಸಭ್ಯವಾದದ್ದೇನೂ ಕಾಣಲಿಲ್ಲ. ಸಸ್ಯಾಹಾರಿಯಾದ ನನ್ನ ಪಾಲಿಗೆ ಬಂದದ್ದು ಅಣಬೆ, ಆಲೂಗಡ್ಡೆ, ಗಿಣ್ಣು. ಗಿಣ್ಣಿನ ಹೊತ್ತಿಗೆ ವಿದ್ಯುತ್ ಕೆಲಸದವರು ಮಂಗಳವಾರ ಬರುವುದಾಗಿ ಒಪ್ಪಿಕೊಂಡರು; ಬಂದೂಬಿಟ್ಟರು. ಇದಕ್ಕೆ ಮೊದಲು ನಾನು ಅವರಿಗೆ ಫೋನು ಮಾಡುತ್ತಿದ್ದದ್ದು, ನನ್ನ ಕಚೇರಿಯ ಬಿಡುವಿನಲ್ಲಿ, ಹನ್ನೆರಡೂವರೆಗೆ.

ಪಕ್ಕದ ಓಣಿಯಲ್ಲಿ ಮನೆ ಕೊಂಡಿರುವ ಇಂಗ್ಲಿಷರು ಈ ಬಗ್ಗೆ ಲೆಕ್ಕ ಹಾಕಿಯೇ ದುಃಖಪಡುತ್ತಿದ್ದರು. ಬ್ರೆಕ್ಸಿಟ್ಟಿನ ನಂತರ, ವಾಸದ ಪರವಾನಗಿ ಇಲ್ಲದ ಬ್ರಿಟಿಷರು ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇಲ್ಲಿ ತಂಗಬಹುದು. ದಿನಕ್ಕೆ ಎರಡು ತಾಸಿನಂತೆ 90 ದಿನಕ್ಕೆ 180 ತಾಸು ಮುಚ್ಚಿದ ಬಾಗಿಲುಗಳ ಮುಂದೆ ಕಳೆಯುತ್ತಿದ್ದೇವಲ್ಲ ಎಂಬುದು ಅವರ ಕೊರಗು. ಅಂಗಡಿಗಳು ಮುಚ್ಚಿರುವ ಭಾನುವಾರ, ಸೋಮವಾರಗಳನ್ನೂ, ವಾರಕ್ಕೆರಡೇ ದಿನ ಬೆಳಿಗ್ಗೆ ತೆರೆಯುವ ಗ್ರಾಮಸಭೆಯ ಕಚೇರಿಯನ್ನೂ ಅವರು ಈ ಲೆಕ್ಕಕ್ಕೆ ಸೇರಿಸಿಯೇ ಇರಲಿಲ್ಲ. ನಾನೂ ನೆನಪಿಸಲು ಹೋಗಲಿಲ್ಲ.

ನನ್ನ ಅವಸರವನ್ನು ಇಳಿಸಿದ್ದು ಮಾತ್ರ ಉತ್ತರದ ಗೋಡೆ. ಮೊಳಕ್ಕೂ ಮೀರಿದ ದಪ್ಪದ ಕಲ್ಲುಗೋಡೆ ಅದು. ಹಿಂದಿನವರಾರೋ ಕಲ್ಲಿನ ಸಂದುಗಳಿಗೆ ಸಿಮೆಂಟು ಮೆತ್ತಿದ್ದರಿಂದ ಒಳಗಿನ ತೇವ ಹೊರಹೋಗುವ ದಾರಿ ಕಾಣದೆ ಒಳಮೈಯಲ್ಲಿ ಬೂಷ್ಟು ಕಟ್ಟಿತ್ತು. ಎರಡು ವಾರ ಉಳಿ ಹಿಡಿದು ಆ ಸಿಮೆಂಟನ್ನು ಕೆತ್ತಿದೆವು; ಆ ಜಾಗಕ್ಕೆ ಸುಣ್ಣದ ಗಾರೆ ಬಂತು. ಬೆಲ್ಲದ ನೀರು, ಅಳಲೆಕಾಯಿ ಬೆರೆಸಿ ಗಾರೆ ಅರೆಯುತ್ತಿದ್ದ ಕಥೆಯನ್ನು ಅಜ್ಜನಿಂದ ಕೇಳಿದ್ದ ನಾನು ಅದನ್ನು ಮೇಸ್ತ್ರಿಗೆ ಹೇಳಿದೆ. ಬೆಲ್ಲ ಏಕೆ ಎಂದು ಅವರು ಬಹಳ ಹೊತ್ತು ಯೋಚಿಸಿದರು. ಸುಣ್ಣ ಸಿಮೆಂಟಿನಂತೆ ದಡಬಡಿಸಿ ಗಟ್ಟಿಯಾಗುವುದಿಲ್ಲ, ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಹಿಮ ಬಿದ್ದರೆ ಕೆಡುತ್ತದೆ, ಬಿಸಿಲು ಹೆಚ್ಚಾದರೆ ಬಿರುಕು ಬಿಡುತ್ತದೆ. ಆದ್ದರಿಂದ ಜುಲೈ ತಿಂಗಳಿಡೀ ಹನ್ನೆರಡರ ಗಂಟೆ ಬಾರಿಸುವ ಮುನ್ನ ಒದ್ದೆ ಗೋಣಿತಾಟುಗಳನ್ನು ಗೋಡೆಗೆ ಹೊದಿಸುವುದು ನನ್ನ ಕೆಲಸವಾಯಿತು. ಗೋಡೆಯನ್ನು ಮಲಗಿಸಿ, ಕಿಟಕಿಯ ಮರದ ಕದಗಳನ್ನು ಮುಚ್ಚಿ, ಅರೆಗತ್ತಲಿನ ತಂಪಿನಲ್ಲಿ ಅನ್ನ ತಿಳಿಸಾರು ಉಣ್ಣುವಾಗಲೇ ಮೈಸೂರಿನಿಂದ ಅಮ್ಮನ ಫೋನು ಬರುತ್ತಿತ್ತು. ನಮ್ಮ ಹನ್ನೆರಡೂವರೆ ಬೇಸಿಗೆಯಲ್ಲಿ ಅವಳ ನಾಲ್ಕು ಗಂಟೆಯ ಕಾಫಿಯ ಹೊತ್ತು. “ಗೋಡೆ ಒಣಗಿತೇನೋ?” ಎಂಬುದು ಅವಳ ದಿನನಿತ್ಯದ ಮೊದಲ ಪ್ರಶ್ನೆ. ಒಣಗಬಾರದೆಂದೇ ನಾನು ದುಡಿಯುತ್ತಿದ್ದೇನೆಂದು ಅವಳಿಗೆ ಅರ್ಥಮಾಡಿಸಲು ಒಂದು ವಾರ ಹಿಡಿಯಿತು.

ಕಳೆದ ತಿಂಗಳು ಕೆಳಗಿನ ತಿರುವಿನಲ್ಲಿರುವ ಪಾಳುಮನೆಯನ್ನು ಡಚ್ ದಂಪತಿ ಕೊಂಡರು. ಮೊನ್ನೆ ಹನ್ನೆರಡೂಕಾಲಿಗೆ, ಕೂದಲ ತುಂಬ ದೂಳು ಹೊತ್ತು, ಅವರು ನಮ್ಮ ಬಾಗಿಲು ತಟ್ಟಿದರು. ಸುಣ್ಣದ ಮೂಟೆ ಬೇಕಾಗಿತ್ತು, ಪೇಟೆಯಲ್ಲಿ ಎಲ್ಲವೂ ಮುಚ್ಚಿದೆ, ಯಾರಾದರೂ ತೀರಿಕೊಂಡಿದ್ದಾರೆಯೇ ಎಂದು ಗಾಬರಿಯಿಂದ ಕೇಳಿದರು. ಎರಡಕ್ಕೆ ತೆರೆಯುತ್ತಾರೆ ಎಂದೆ. ಅಲ್ಲಿಯವರೆಗೆ ನಾವೇನು ಮಾಡುವುದು ಎಂದರು. ಒಳಗೆ ನನ್ನ ಹೆಂಡತಿ ಆಗಲೇ ಇನ್ನೆರಡು ತಟ್ಟೆ ಇಡುತ್ತಿರುವ ಸದ್ದು ಕೇಳಿಸಿತು.