ಹೊಣೆ ಯಾರು? ನಾನಾ?

ಬೆಳಗಾವಿಯ ಮರಾಠಿ ಮನೆಗಳಲ್ಲಿ ಹಿರಿಯರನ್ನು ನಾನಾ ಎಂದು ಕರೆಯುವುದುಂಟು. ಕನ್ನಡ ಪುಸ್ತಕದಲ್ಲಿ ನಾನಾ ಅಂದರೆ ಬಗೆಬಗೆಯ. ಸೈನ್ಯದ ವೈದ್ಯಕೀಯ ಮಂಡಳಿಯ ಕಾಗದಕ್ಕೆ ಬಂದರೆ ಅದೇ ನಾನಾ ನಾಲ್ಕು ಇಂಗ್ಲಿಷ್ ಅಕ್ಷರಗಳ ಒಂದು ಮುದ್ರೆ. ಈ ನೋವು ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದು ಅದರ ಅರ್ಥ. ಅದು ಬಿತ್ತೋ, ಅಂಗವೈಕಲ್ಯದ ಪಿಂಚಣಿ ಇಲ್ಲ. ಹದಿನೇಳು ವರ್ಷ ಬೆನ್ನಿಗೆ ಪಿಟ್ಟು ಎಂಬ ಭಾರದ ಚೀಲ ಕಟ್ಟಿ ಗುಡ್ಡ ಹತ್ತಿದ ಮೊಣಕಾಲು ‘ನನ್ನ ಗತಿಗೆ ಹೊಣೆ ಯಾರ್ರೀ ಸಾಹೇಬ್ರ?’ ಅಂತ ಕೇಳಿದರೆ ಸರಕಾರ ಎದೆ ಮುಟ್ಟಿಕೊಂಡು, ಕಣ್ಣರಳಿಸಿ, ಅಚ್ಚ ಕನ್ನಡದಲ್ಲೇ ಉತ್ತರಿಸುತ್ತದೆ: ‘ನಾನಾ?’

ಭರ್ತಿಯ ದಿನ ಇದೇ ಮೊಣಕಾಲು ಸರಕಾರಕ್ಕೆ ಬಹಳ ಬೇಕಾಗಿತ್ತು. 1.6 ಕಿಲೋಮೀಟರ್ ಓಡಿಸಿದರು, 9 ಅಡಿ ಹಳ್ಳ ಜಿಗಿಸಿದರು. ಪಾದ ಚಪ್ಪಟೆಯೋ, ಮೊಣಕಾಲಿಗೆ ಮೊಣಕಾಲು ತಾಗುತ್ತದೋ, ಕಿವಿಯೊಳಗೆ ಗುಗ್ಗೆ ಇದೆಯೋ ಎಂದು ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ ನೋಡಿದರು. ಬಿಟ್ಟು ಕಳಿಸುವಾಗ ಮಾತ್ರ ಅದೇ ಎತ್ತಿಗೆ ಹುಟ್ಟುಕುಂಟು. ಸೇರುವಾಗ ಬರೆದಿಡದ ರೋಗ ಸೇವೆಯಲ್ಲೇ ಬಂದದ್ದೆಂದು ತಿಳಿಯಬೇಕು, ಅಲ್ಲ ಅನ್ನುವ ಮಂಡಳಿ ಕಾರಣ ಬರೆಯಬೇಕು ಎಂದು ಸುಪ್ರೀಂ ಕೋರ್ಟ್ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ 2013ರಲ್ಲೇ ಹೇಳಿತು. ಅಂದಿನಿಂದ ಕಾರಣ ಬರೆಯುತ್ತಾರೆ: ‘ಪೀಸ್ ಸ್ಟೇಷನ್‌ನಲ್ಲಿ ಕಾಣಿಸಿಕೊಂಡಿದೆ.’ ಪೀಸ್ ಸ್ಟೇಷನ್ ಅಂದರೆ ಕಾದಾಟವಿಲ್ಲದ ಊರಿನ ಠಾಣೆ. ಬಿ.ಪಿ. ಏರುವುದಾದರೆ ಸಿಯಾಚಿನ್‌ನಲ್ಲೇ ಏರಿ, ಅಲ್ಲೇ ಅಳೆಸಿಕೊಂಡು ಇಳಿಯಬೇಕು. ಕೆಳಗೆ ಬಂದ ಮೇಲೆ ಏರಿತೋ, ಅದು ಹೆಂಡತಿ ಮಾಡಿದ ಉಪ್ಪಿನಕಾಯಿಯ ಬಿ.ಪಿ.

ಇರಲಿ, ರೋಗದ ಕತೆ ಉದ್ದ. ಗಾಯದ ವಿಷಯದಲ್ಲಿ ನಿಯಮ ಸರಳ: ಸರಿಯಾದ ಜಾಗ ನೋಡಿ ಬೀಳಬೇಕು.

ಯೂನಿಟ್ಟಿನ ಪಿ.ಟಿ. ಮೈದಾನದಲ್ಲಿ ಉಸ್ತಾದನ ಸೀಟಿಗೆ ಓಡುತ್ತ ಬಿದ್ದರೆ ಡ್ಯೂಟಿ. ರಜೆಯಲ್ಲಿ ಊರ ಜಾತ್ರೆಯ ಕಬಡ್ಡಿಯಲ್ಲಿ ಅದೇ ಕಾಲು ಅದೇ ರೀತಿ ಹೊರಳಿದರೆ ಸ್ವಂತ ಶೋಕಿ. ಸರಕಾರಿ ಖರ್ಚಿನ ರೈಲು ವಾರಂಟ್ ಹಿಡಿದು ರಜೆಗೆ ಬರುವಾಗ ರೈಲಿನಿಂದ ಇಳಿಯುತ್ತ ಜಾರಿದರೂ ಡ್ಯೂಟಿಯೇ, ಯಾಕೆಂದರೆ ನೇರ ದಾರಿಯ ಪ್ರಯಾಣ ಸೇವೆಯ ಲೆಕ್ಕಕ್ಕೆ ಬರುತ್ತದೆ. ನಡುವೆ ಗೋಕಾಕದಲ್ಲಿ ಇಳಿದು ಮಕ್ಕಳಿಗೆ ಕರದಂಟು ತರಲು ಹೋದಿರೋ, ದಾರಿ ಸೊಟ್ಟಗಾಯಿತು. ಮನೆ ಮುಟ್ಟಿದ ಮರುದಿನ ಕಬ್ಬಿನ ಹೊಲದ ಒಡ್ಡಿನ ಮೇಲಿಂದ ಬಿದ್ದರಂತೂ ಕೇಳುವುದೇ ಬೇಡ. ಎಲುಬಿಗೆ ಈ ಗಡಿರೇಖೆ ಗೊತ್ತಿಲ್ಲದೆ ಎಲ್ಲ ಕಡೆಯೂ ಒಂದೇ ಸದ್ದು ಮಾಡಿ ಮುರಿಯುತ್ತದೆ. ಅಶಿಸ್ತಿನ ಎಲುಬು.

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಸೈನಿಕನಿಗೆ ಒಗ್ಗದು. ಮೀಸೆ ಮಣ್ಣಾಗಲೇಬೇಕು, ಆ ಮಣ್ಣನ್ನು ಸಾಕ್ಷಿಗಳು ನೋಡಿರಬೇಕು, ನೋಡಿದ್ದನ್ನು ಬರೆದು ಸಹಿ ಮಾಡಿರಬೇಕು. ಅದಕ್ಕಾಗಿ ಐಎಎಫ್‌ವೈ-2006 ಎಂಬ ಗಾಯದ ವರದಿ ಇದೆ. ಎಲ್ಲಿ, ಎಷ್ಟು ಹೊತ್ತಿಗೆ, ಡ್ಯೂಟಿಯಲ್ಲಿದ್ದನೋ ಇಲ್ಲವೋ, ತಪ್ಪು ಯಾರದು ಎಂಬುದನ್ನೆಲ್ಲ ಅದರಲ್ಲಿ ತುಂಬಿ, ಡಾಕ್ಟರು ಬರೆದು, ಕಮಾಂಡಿಂಗ್ ಆಫೀಸರ್ ಅಭಿಪ್ರಾಯ ಕೊಟ್ಟರೆ ಗಾಯ ಅಧಿಕೃತವಾಗಿ ಜನ್ಮ ತಾಳುತ್ತದೆ. ಎಂ.ಐ. ರೂಮ್ ಎಂಬ ಯೂನಿಟ್ಟಿನ ದವಾಖಾನೆಯಲ್ಲಿ ಮುಲಾಮು ಹಚ್ಚಿಸಿಕೊಂಡು ಎರಡು ದಿನ ಪಿ.ಟಿ. ಮಾಫ್ ಮಾಡಿಸಿಕೊಂಡು ಎದ್ದು ಬಂದವನಿಗೆ ನೋವಷ್ಟೇ ಉಳಿಯುತ್ತದೆ. ರಜೆಯಲ್ಲಿದ್ದಾಗ ಊರ ದವಾಖಾನೆ ಸೇರಿದರೆ ಅಂದೇ ಯೂನಿಟ್ಟಿಗೆ ತಿಳಿಸಬೇಕು, ಚೀಟಿ, ಎಕ್ಸ್‌ರೇ ಎಲ್ಲ ಕಾಯ್ದಿಟ್ಟು ಬೆಳಗಾವಿಯ ಮಿಲಿಟರಿ ಆಸ್ಪತ್ರೆಗೆ ಸೇರಬೇಕು. ಮೂರು ತಿಂಗಳು ಬಿಟ್ಟು ವರದಿ ಮಾಡಿಸೋಣ ಎಂದರೆ ಆ ಹೊತ್ತಿಗೆ ಸಾಕ್ಷಿ ಲೇಹಿಗೆ, ಸಾಹೇಬರು ಮಣಿಪುರಕ್ಕೆ ಪೋಸ್ಟಿಂಗ್.

ಹಾಗಾದರೆ ಅಂದೇ ಹೇಳಬಾರದೇಕೆ? ಹೇಳಿದರೆ ಮೆಡಿಕಲ್ ಕೆಟಗರಿ ಬೀಳುತ್ತದೆ. ಶೇಪ್-1, ಅಂದರೆ ಪೂರ್ತಿ ಗಟ್ಟಿ, ಎನಿಸಿಕೊಂಡಿದ್ದವನು 24 ವಾರಗಳ ತಾತ್ಕಾಲಿಕ ಕೆಳ ಕೆಟಗರಿಗೆ ಇಳಿಯುತ್ತಾನೆ. ಬಡ್ತಿ ತೂಗಾಡುತ್ತದೆ, ಸೇವೆಯ ಎಕ್ಸ್‌ಟೆನ್ಷನ್ ತೂಗಾಡುತ್ತದೆ. ಅದಕ್ಕೇ ಹವಾಲ್ದಾರನಾಗುವ ಆಸೆಯ ನಾಯಕ್ ದರ್ಜೆಯವನು ಕುಂಟು ಮರೆಸಿ ನಡೆಯುತ್ತಾನೆ, ರಜೆಗೆ ಬಂದಾಗ ಊರಲ್ಲಿ ಎಲುಬು ಕಟ್ಟುವವನ ಹತ್ತಿರ ಎಣ್ಣೆ ತಿಕ್ಕಿಸಿಕೊಳ್ಳುತ್ತಾನೆ. ಸೇವೆಯ ಉದ್ದಕ್ಕೂ ‘ನನಗೇನೂ ಆಗಿಲ್ಲ’ ಎಂದು ಸಾಧಿಸಬೇಕು, ಬಿಡುಗಡೆಯ ಮಂಡಳಿಯ ಮುಂದೆ ಒಂದೇ ಬೆಳಗಿನಲ್ಲಿ ‘ಅಂದಿನಿಂದಲೂ ಆಗಿತ್ತು’ ಎಂದು ಸಾಧಿಸಬೇಕು. ಎರಡನ್ನೂ ಸಾಧಿಸಿದವನಿಗೆ ಪದಕವೇ ಕೊಡಬಹುದು.

ಕೆಟಗರಿ ಬಿದ್ದರೂ ಸೇವೆಯಲ್ಲಿ ಉಳಿಸಿಕೊಂಡರೆ ಇನ್ನೊಂದು ಸೊಗಸು ಇದೆ. ಗಾಯ ಸೇವೆಯಿಂದಲೇ ಆದದ್ದೆಂದು ಒಪ್ಪಿದ್ದರೆ, ಪಿಂಚಣಿಯ ಮಾಸಿಕ ಅಂಗವೈಕಲ್ಯ ಪಾಲಿನ ಬದಲು ಈಗಲೇ ಇಡಿಗಂಟು ತೆಗೆದುಕೊಳ್ಳುತ್ತೀಯಾ ಎಂದು ಕೇಳುತ್ತಾರೆ. ತಂಗಿಯ ಮದುವೆ ಎದುರಿಗಿರುವಾಗ ಯಾರು ಬೇಡ ಅಂದಾರು? ಆದರೆ ಇಡಿಗಂಟು ಬಿಟ್ಟುಕೊಟ್ಟವನಿಗೆ ಮಾತ್ರ ನಿವೃತ್ತಿಯ ದಿನ ಆ ಗಾಯದ ಮಾಸಿಕ ಪಾಲು. ಸಹಿ ಹಾಕುವ ಮುಂಚೆ ಗುಣಾಕಾರ ಮಾಡಬೇಕು. ಗುಣಾಕಾರ ಮಾಡಲು ಬಿಡುವು ಕೊಡದಂತೆ ‘ಬೇಗ ಮಾಡೋ, ಡಾಕ್ ಹೋಗಬೇಕು’ ಎನ್ನುವ ಕ್ಲರ್ಕ್ ಇದ್ದೇ ಇರುತ್ತಾನೆ.

ಇನ್ನು ಶೇಕಡಾವಾರಿನ ಮಹಿಮೆ. 20ಕ್ಕಿಂತ ಕಡಿಮೆ ಅಂಗವೈಕಲ್ಯಕ್ಕೆ ಸಾಮಾನ್ಯ ನಿವೃತ್ತಿಯಲ್ಲಿ ಏನೂ ಇಲ್ಲ. ಶೇ. 100ಕ್ಕೆ ಕೊನೆಯ ವೇತನದ ಶೇ. 30. ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 2014ರ ತೀರ್ಪಿನಂತೆ, 20ರಿಂದ 49ರವರೆಗಿನದನ್ನು 50 ಎಂದು ಎಣಿಸಬೇಕು. ಕೊನೆಯ ವೇತನ 40,000 ಇದ್ದವನಿಗೆ 20 ಬಂದರೆ ತಿಂಗಳಿಗೆ 6,000. 19 ಬಂದರೆ ಸೊನ್ನೆ. ಚಿನ್ನದ ಪೇಟೆಯಲ್ಲೂ ಒಂದು ಗುಲಗಂಜಿಗೆ ಇಷ್ಟು ಬೆಲೆ ಇಲ್ಲ. ಆದ್ದರಿಂದ ಮಂಡಳಿಗೆ ‘15ರಿಂದ 19’ ಎಂಬ ಅಂಕಿಯ ಮೇಲೆ ವಿಶೇಷ ಪ್ರೀತಿ. 2023ರ ಸೆಪ್ಟೆಂಬರಿನ ಹೊಸ ನಿಯಮದಲ್ಲಿ, ಅವಧಿ ಮುಗಿಸಿ ಬಂದವನ ಈ ಮಾಸಿಕ ಪಾಲಿಗೆ ‘ಇಂಪೇರ್‌ಮೆಂಟ್ ರಿಲೀಫ್’ ಎಂದು ಹೊಸ ನಾಮಕರಣವೂ ಆಯಿತು. ತೊಟ್ಟಿಲಿಗೆ ಬೇರೆ ಕೂಸು ಬಂದಿಲ್ಲ.

ತಿರಸ್ಕಾರದ ಪತ್ರ ಬಂದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ಬಿದ್ದರೆ ಎರಡನೆಯದು. ಎಎಫ್‌ಎಂಎಸ್‌ಎಫ್-16 ಎಂಬ ಮಂಡಳಿಯ ವರದಿಯ ನಕಲು ಕೈಯಲ್ಲಿರಲಿ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕದವರಿಗೆ ಅದರ ಪೀಠ ಇರುವುದು ಕೊಚ್ಚಿಯಲ್ಲಿ. ಮುಧೋಳದವನೋ ಸಿಂದಗಿಯವನೋ ಮೊದಲು ಬೆಳಗಾವಿಗೆ ಬಂದು, ಬಗ್ಗದ ಮೊಣಕಾಲನ್ನು ಎರಡೂ ಕೈಯಲ್ಲಿ ಎತ್ತಿ ಬೋಗಿಯೊಳಗಿಟ್ಟು, ಲೋಂಡಾ, ಮಡಗಾಂವ್ ಹಾದು ಕಡಲಗುಂಟ ಹೋಗಬೇಕು. ಈ ಸಲ ವಾರಂಟ್ ಇಲ್ಲ. ಇಳಿಯುವಾಗ ಜಾರಿದರೆ ಅದು ಡ್ಯೂಟಿಯಲ್ಲ.